ಸೌಲನ ಕವಚ ಬಾಡಿಗೆಗಿಲ್ಲ

ಹೋದ ಶನಿವಾರ ನಮ್ಮ ಅಂಗಡಿಗೆ ಬಂದಿದ್ದ ನಾಲ್ವರು ಹುಡುಗ ಹುಡುಗಿಯರಿಗೆ ಈ ಮಾತು. ಬೇರೆಯವರ ಕಿವಿಗೆ ಬಿದ್ದರೂ ಅಡ್ಡಿಯಿಲ್ಲ.

ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವನು ನಾನು. ಶಾಲೆಯ ವಾರ್ಷಿಕೋತ್ಸವದ ಪುಟಾಣಿ ಕೃಷ್ಣನಿಂದ ಹಿಡಿದು ಊರಹಬ್ಬದ ಕುರುಕ್ಷೇತ್ರದ ದುರ್ಯೋಧನನವರೆಗೆ ನಲವತ್ತು ವರ್ಷದಿಂದ ಎಲ್ಲರ ತಲೆ, ಎದೆ, ಸೊಂಟದ ಅಳತೆ ನೋಡಿದ್ದೇನೆ. ನೀವು ಬಂದದ್ದು ಚರ್ಚಿನ ಯುವಕ ಸಂಘದ ಕಡೆಯಿಂದ. ದಾವೀದ ಮತ್ತು ಗೊಲ್ಯಾತನ ಕತೆ, ಇಪ್ಪತ್ತು ನಿಮಿಷದ ಸಿನಿಮಾ, ಶೂಟಿಂಗ್ ಫೋನಿನಲ್ಲಿ, ಕೈಯಲ್ಲಿರುವುದು 18,000 ರೂಪಾಯಿ. ಆರು ಸೆಟ್ ಕವಚ, ಹನ್ನೆರಡು ಕತ್ತಿ, ನಾಲ್ಕು ಹೆಲ್ಮೆಟ್, ರಾಜನಿಗೊಂದು ಕಿರೀಟ ಎಂದು ಚೀಟಿ ಓದಿದಿರಿ. ಹೇಗಿರಬೇಕು ಅಂತ ಕೇಳಿದೆ. ನಿಮ್ಮ ಡೈರೆಕ್ಟರ್ ಹುಡುಗಿ ಒಂದು ಪೆನ್‌ಡ್ರೈವ್ ಕೊಟ್ಟು, "ಈ ಸಿನಿಮಾ ಥರ ಇರಬೇಕು, ಅಂಕಲ್" ಅಂದಳು.

ಅಷ್ಟರಲ್ಲಿ ನಿಮ್ಮ ದಾವೀದ, ಆ ಸಣಕಲು ಹುಡುಗ, ಗೋಡೆಯ ಮೊಳೆಯಿಂದ ಅರ್ಜುನನ ಎದೆಕವಚ ಇಳಿಸಿ ಹಾಕಿಕೊಂಡಿದ್ದ. ರೆಕ್ಸಿನ್ ಮೇಲೆ ತಗಡಿನ ಬಿಲ್ಲೆ ಹೊಲಿದು, ಹೆಗಲಿಗೆ ಫೋಮ್ ಕೊಟ್ಟ ಕವಚ; ನಾಲ್ಕೂವರೆ ಕಿಲೋ ತೂಗುತ್ತದೆ. ಜೇಬಿನಿಂದ ಹಗ್ಗದ ಕವಣೆ ತೆಗೆದು ತಲೆಯ ಮೇಲೆ ಬೀಸಲು ಹೋದ. ಹೆಗಲಪಟ್ಟಿ ಕಿವಿಗೆ ಒತ್ತಿತು, ಕೈ ಮೇಲೇಳಲೇ ಇಲ್ಲ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಅವನು ಕವಚ ಬಿಚ್ಚಿ ಮೊಳೆಗೆ ಹಾಕಿದ, ನೀವು 500 ರೂಪಾಯಿ ಅಡ್ವಾನ್ಸ್ ಕೊಟ್ಟು ಹೋದಿರಿ.

ಡ್ರೆಸ್ ಅಂಗಡಿಯವನ ಕಪಾಟಿನಲ್ಲಿ ಎಲ್ಲ ಧರ್ಮದ ಪುಸ್ತಕವೂ ಇರಬೇಕಾಗುತ್ತದೆ. ಯಾರ ತಲೆಗೆ ಏನು ಎಂದು ತಿಳಿಯದಿದ್ದರೆ ಬೈಸಿಕೊಳ್ಳುವವರು ನಾವೇ. ಆ ರಾತ್ರಿ ಊಟವಾದ ಮೇಲೆ ಸಮುವೇಲನ ಮೊದಲನೆಯ ಪುಸ್ತಕ ತೆಗೆದು 17ನೆಯ ಅಧ್ಯಾಯ ಓದಿದೆ. 38, 39ನೆಯ ವಚನಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಸೌಲ ರಾಜ ತನ್ನದೇ ಯುದ್ಧವಸ್ತ್ರ, ಶಿರಸ್ತ್ರಾಣ, ಕವಚ ಎಲ್ಲವನ್ನೂ ಆ ಕುರಿ ಕಾಯುವ ಹುಡುಗನಿಗೆ ತೊಡಿಸುತ್ತಾನೆ. ಹುಡುಗ ಕತ್ತಿ ಕಟ್ಟಿಕೊಂಡು ನಡೆದು ನೋಡುತ್ತಾನೆ. ಅಭ್ಯಾಸವಿಲ್ಲ, ಇದರಲ್ಲಿ ನಡೆಯಲಾರೆ ಎಂದು ಹೇಳಿ ಎಲ್ಲವನ್ನೂ ಬಿಚ್ಚಿಡುತ್ತಾನೆ. ಅಂದರೆ ಶನಿವಾರ ಸಂಜೆ ನಮ್ಮ ಅಂಗಡಿಯಲ್ಲಿ ನಡೆದದ್ದು ಅಲ್ಲಿ ಆಗಲೇ ಬರೆದಿತ್ತು. ನೀವು ಸಂಡೇ ಸ್ಕೂಲಿನಲ್ಲಿ ಕಲಿತ ಕತೆ ಅದು, ಆದರೂ ನಗುವಾಗ ನಿಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಆ ಅಧ್ಯಾಯದ ಖರ್ಚುವೆಚ್ಚ ಹೇಗಿದೆ ಎಂದು ಒಮ್ಮೆ ಲೆಕ್ಕ ಹಾಕಿ. ಒಟ್ಟು 58 ವಚನ. ಗೊಲ್ಯಾತನ ಎತ್ತರಕ್ಕೂ ಆಯುಧಕ್ಕೂ ನಾಲ್ಕು ವಚನ ಹೋಗಿವೆ: ಕಂಚಿನ ಶಿರಸ್ತ್ರಾಣ, 5,000 ಶೆಕೆಲ್ ತೂಕದ ಪೊರೆಪೊರೆಯ ಕವಚ, ಮೊಣಕಾಲಿನ ಕೆಳಗೆ ಕಂಚಿನ ಕಾಪು, ನೇಯ್ಗೆಯವರ ಮಗ್ಗದ ಕುಂಟೆಯಂಥ ಈಟಿಯ ಹಿಡಿ, ಅದರ ತುದಿಗೆ 600 ಶೆಕೆಲ್ ಕಬ್ಬಿಣ. ಇಂದಿನ ಲೆಕ್ಕದಲ್ಲಿ ಕವಚವೇ ಐವತ್ತು ಕಿಲೋ ದಾಟುತ್ತದೆ. ಇಷ್ಟೆಲ್ಲ ಕಟ್ಟಿ ನಿಲ್ಲಿಸಿದವನು ಬೀಳುವುದು ಎಷ್ಟು ವಚನದಲ್ಲಿ? 49ನೆಯ ಒಂದೇ ವಚನದಲ್ಲಿ. ಉಳಿದದ್ದೆಲ್ಲ ಮಾತು. ಅಣ್ಣ ಎಲೀಯಾಬ ತಮ್ಮನನ್ನು ಗದರುವುದು, ರಾಜ ಅನುಮಾನಿಸುವುದು, ಹುಡುಗ ತಾನು ಸಿಂಹ ಕರಡಿಗಳನ್ನು ಕೊಂದ ಕತೆ ಹೇಳುವುದು. ಅಪ್ಪ ಕಳಿಸಿದ್ದು ಹುರಿಗಾಳು, ರೊಟ್ಟಿ, ಗಿಣ್ಣು ಕೊಟ್ಟು ಬಾ ಎಂದು. ಬುತ್ತಿ ತಂದವನು ಯುದ್ಧಕ್ಕೆ ನಿಂತ. ಬರೆದವನು ಬಹಳ ಜಾಣ, ಮತ್ತು ಬಹಳ ಜಿಪುಣ. ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕತೆ ಹುಡುಕಿದರೂ ಸಿಗದು. ಆದರೆ ನಿಮ್ಮ ಚೀಟಿಯಲ್ಲಿ ಇದ್ದದ್ದೆಲ್ಲ ಗೊಲ್ಯಾತನ ಸಾಮಾನು.

ಮಾರನೆಯ ದಿನ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ನಿಮ್ಮ ಪೆನ್‌ಡ್ರೈವಿನ ಸಿನಿಮಾ ನೋಡಿದೆ. ಹೆಸರು ಕಂಡ ಕೂಡಲೇ ನೆನಪಾಯಿತು, ಫಿಲ್ಮ್ ಸೊಸೈಟಿಯಲ್ಲಿ ಬೆಂಚು ಎತ್ತಿಡುತ್ತಿದ್ದ ದಿನಗಳಲ್ಲಿ ಇದರ ಬಗ್ಗೆ ಓದಿದ್ದೆ. 1960ರ ಇಟಲಿಯ ಚಿತ್ರ, 'ಡೇವಿಡ್ ಅಂಡ್ ಗೋಲಿಯತ್'. ನಿರ್ದೇಶಕರು ಇಬ್ಬರು, ಫರ್ಡಿನಾಂಡೊ ಬಾಲ್ಡಿ ಮತ್ತು ರಿಚರ್ಡ್ ಪೊಟಿಯೆ. ದಾವೀದನಾಗಿ ಇವಿತ್ಸಾ ಪಾಯೆರ್ ಎಂಬ ಯುಗೊಸ್ಲಾವಿಯಾದ ಹುಡುಗ, ಗೊಲ್ಯಾತನಾಗಿ ಕ್ರೋನೋಸ್ ಎಂದು ಹೆಸರು ಹಾಕಿಸಿಕೊಂಡ ಒಬ್ಬ ಭಾರೀ ಆಳು. ರಾಜ ಸೌಲನಾಗಿ ಯಾರು ಗೊತ್ತೇ? ಆರ್ಸನ್ ವೆಲ್ಸ್. 25ನೆಯ ವಯಸ್ಸಿಗೆ 'ಸಿಟಿಜನ್ ಕೇನ್' ಮಾಡಿದ ಅದೇ ಮನುಷ್ಯ.

ಆ ಕಾಲದ ರೋಮ್ ಸ್ವಲ್ಪ ತಿಳಿದಿರಲಿ. 1937ರಲ್ಲಿ ಶುರುವಾದ ಚಿನೆಚಿತ್ತಾ ಸ್ಟುಡಿಯೋಗೆ ಯುದ್ಧದ ನಂತರ ಅಮೆರಿಕದವರು ಬಂದು ದೊಡ್ಡ ದೊಡ್ಡ ಚಿತ್ರ ತೆಗೆದರು. 1959ರ 'ಬೆನ್‌ಹರ್'ಗೆ ಒಂದೂವರೆ ಕೋಟಿ ಡಾಲರ್ ಸುರಿದರು. ಅವರು ಒಂದೊಂದು ಚಿತ್ರ ಮುಗಿಸಿ ಹೋದ ಮೇಲೆ ಉಳಿಯುತ್ತಿದ್ದದ್ದು ಕಂಬ, ರಥ, ಕತ್ತಿ, ಹೊಲಿಗೆಯವರು, ಮತ್ತು ಕುದುರೆಯಿಂದ ಬೀಳುವುದನ್ನು ಕಲಿತಿದ್ದ ಸಾಹಸಿಗಳು. 1958ರಲ್ಲಿ ಪಿಯೆತ್ರೊ ಫ್ರಾಂಚಿಶಿ ಎಂಬಾತ ಸ್ಟೀವ್ ರೀವ್ಸ್ ಎಂಬ ಅಮೆರಿಕದ ಕುಸ್ತಿಮೈಯವನನ್ನು ನಿಲ್ಲಿಸಿ 'ಹರ್ಕ್ಯುಲಿಸ್' ತೆಗೆದ. ಜೋಸೆಫ್ ಲೆವಿನ್ ಅದನ್ನು ಅಮೆರಿಕಕ್ಕೆ 1,20,000 ಡಾಲರಿಗೆ ಕೊಂಡು, ಪ್ರಚಾರಕ್ಕೇ ಹತ್ತು ಲಕ್ಷ ಡಾಲರಿಗೂ ಹೆಚ್ಚು ಚೆಲ್ಲಿದ. ಓಡಿತು ನೋಡಿ! ಮುಂದಿನ ಐದಾರು ವರ್ಷ ಇಟಲಿಯಲ್ಲಿ ಇದೇ ಕಸುಬು. ಹರ್ಕ್ಯುಲಿಸ್ ಖಾಲಿಯಾದಾಗ ಬೈಬಲಿಗೆ ಕೈ ಹಾಕಿದರು: ಎಸ್ತೇರಳು, ದಾವೀದ, ಸೊದೋಮ್ ಪಟ್ಟಣ. ಇಂಗ್ಲಿಷಿನವರು ಇವನ್ನು ಕತ್ತಿ-ಚಪ್ಪಲಿ ಸಿನಿಮಾ ಎಂದು ಆಡಿಕೊಂಡರು. ಫ್ರೆಂಚ್ ವಿಮರ್ಶಕರು ಇಟ್ಟ ಹೆಸರು ಪೆಪ್ಲಂ. ಅದು ಗ್ರೀಕ್ ಹೆಂಗಸರು ಉಡುತ್ತಿದ್ದ ಬಟ್ಟೆ. ಒಂದು ಜಾತಿಯ ಚಿತ್ರಗಳಿಗೇ ಉಡುಪಿನ ಹೆಸರು ಬಿದ್ದಿದೆ ಎಂದರೆ ನನ್ನಂಥವನಿಗೆ ಹೆಮ್ಮೆಯಾಗಬೇಕು. ಆಗುವುದಿಲ್ಲ. ಆ ಚಿತ್ರಗಳಲ್ಲಿ ಉಡುಪು ಬಿಟ್ಟರೆ ನೆನಪಿಡಲು ಹೆಚ್ಚೇನೂ ಇರಲಿಲ್ಲ ಎಂದೂ ಅದರ ಅರ್ಥ.

ಆ ಉಡುಪಾದರೂ ಸರಿಯಿತ್ತೇ? ಗೋದಾಮಿನಲ್ಲಿದ್ದದ್ದು ರೋಮನ್ ಸಿಪಾಯಿಯ ಚರ್ಮದ ಲಂಗ, ರೋಮನ್ ಹೆಲ್ಮೆಟ್. ಅದನ್ನೇ ಗ್ರೀಕನಿಗೆ, ಪರ್ಷಿಯದವನಿಗೆ, ರೋಮ್ ಹುಟ್ಟುವ ಮುಂಚಿನವನಿಗೆ, ಎಲ್ಲರಿಗೂ ತೊಡಿಸಿದರು. ಫಿಲಿಷ್ಟಿಯರು ಹೇಗಿದ್ದರು ಎಂದು ನೋಡಬೇಕಾದರೆ ಈಜಿಪ್ಟಿನ ಮೆದಿನೆತ್ ಹಾಬುವಿನ ಗೋಡೆಗಳಲ್ಲಿ ಮೂರನೆಯ ರಾಮ್ಸೆಸ್ ಕೆತ್ತಿಸಿದ ಯುದ್ಧಚಿತ್ರಗಳಿವೆ. ಅಲ್ಲಿ ಅವರ ತಲೆಯ ಮೇಲೆ ನೇರ ನಿಂತ ಗರಿಗಳ ಸಾಲಿನಂಥ ಪಟ್ಟಿ ಇದೆ. ರಟ್ಟು, ತೆಂಗಿನ ಗರಿಯ ಕಡ್ಡಿ, ಫೆವಿಕಾಲ್ ಇದ್ದರೆ ಮನೆಯಲ್ಲೇ ಆಗುತ್ತದೆ. ನನ್ನ ಹತ್ತಿರ ಬಾಡಿಗೆಗೆ ಬರುವ ಹೆಲ್ಮೆಟ್ ಒಂದಕ್ಕೆ ದಿನಕ್ಕೆ 150 ರೂಪಾಯಿ, ಅದೂ ಸುಳ್ಳು ಹೆಲ್ಮೆಟ್.

ಸಿನಿಮಾಗೆ ಬರುತ್ತೇನೆ. ಒಳ್ಳೆಯ ಚಿತ್ರವಲ್ಲ ಅದು. ಸೈನ್ಯ ಓಡಿದರೆ ನಲವತ್ತು ಜನ ಓಡಿದಂತೆ ಕಾಣುತ್ತದೆ. ಅರಮನೆ ಅರಮನೆಯಂತಿಲ್ಲ, ಅರಮನೆಯ ಮುಂಭಾಗದಂತಿದೆ. ಹುಡುಗ ಚೆಲುವ, ಅಷ್ಟೆ. ಇಟಲಿಯವರು ಆಗೆಲ್ಲ ಸ್ಥಳದಲ್ಲಿ ಧ್ವನಿ ಹಿಡಿಯುತ್ತಿರಲಿಲ್ಲ. ಒಬ್ಬೊಬ್ಬ ನಟ ತನ್ನ ತನ್ನ ಭಾಷೆಯಲ್ಲಿ ಮಾತಾಡಿ, ಆಮೇಲೆ ಬೇರೆ ಯಾರೋ ಕಂಠ ಕೊಡುವ ಪದ್ಧತಿ. ಹೀಗಾಗಿ ತುಟಿ ಒಂದು ಕಡೆ, ಮಾತು ಒಂದು ಕಡೆ. ನಡುನಡುವೆ ನನಗೆ ತೂಕಡಿಕೆಯೂ ಬಂತು.

ಆದರೆ ವೆಲ್ಸ್ ಬಂದಾಗ ಎದ್ದು ಕೂತೆ. ಅವನ ದೃಶ್ಯಗಳೇ ಬೇರೆ ಚಿತ್ರದಿಂದ ಬಂದಂತಿವೆ. ಬೆಳಕು ಕಡಿಮೆ, ನೆರಳು ಜಾಸ್ತಿ. ತನ್ನ ಭಾಗವನ್ನು ತಾನೇ ನಿರ್ದೇಶಿಸಿಕೊಂಡ ಎಂದು ಹೇಳುತ್ತಾರೆ, ನೋಡಿದರೆ ನಂಬಬಹುದು. ದೇವರು ಕೈಬಿಟ್ಟ ಮುದಿ ರಾಜ ಕತ್ತಲೆಯಲ್ಲಿ ಕೂತು ಗೊಣಗುತ್ತಾನೆ, ಹೆದರುತ್ತಾನೆ, ಸಿಡುಕುತ್ತಾನೆ. ಆ ದೃಶ್ಯಕ್ಕೆ ಎಷ್ಟು ಖರ್ಚಾಗಿರಬಹುದು? ಒಂದು ಪೀಠ, ಒಂದು ನಿಲುವಂಗಿ, ಎರಡು ದೀಪ. ಕರಾವಳಿಯ ತಾಳಮದ್ದಳೆ ನೋಡಿದ್ದೀರಾ? ನೋಡಿಲ್ಲದಿದ್ದರೆ ಶೂಟಿಂಗಿಗೆ ಮುಂಚೆ ಒಂದಾದರೂ ನೋಡಿ. ಬಣ್ಣವಿಲ್ಲ, ವೇಷವಿಲ್ಲ, ಬಿಳಿ ಪಂಚೆ, ಶಾಲು ಹೊದ್ದ ನಾಲ್ಕು ಜನ ಎದುರುಬದುರು ಕೂತು ಅರ್ಥ ಹೇಳುತ್ತಾರೆ. ಒಳ್ಳೆಯ ಅರ್ಥಧಾರಿ ಸಿಕ್ಕರೆ ಅರ್ಧ ಗಂಟೆಯೊಳಗೆ ಆ ಶಾಲು ನಮ್ಮ ಕಣ್ಣಿಗೆ ದುರ್ಯೋಧನನ ಪೀತಾಂಬರ. ಹೀಗೆ ಹೇಳಿದರೆ ನನ್ನ ವ್ಯಾಪಾರಕ್ಕೆ ಹೊಡೆತ. ಆಗಲಿ.

ಇನ್ನೊಂದು ಸಂಗತಿ, ಇದು ನಿಮ್ಮ ವಯಸ್ಸಿನವರಿಗೇ. ಆ ಚಿತ್ರದಲ್ಲಿ ಸಮುವೇಲ ಪ್ರವಾದಿಯಾದವನು ಹಿಲ್ಟನ್ ಎಡ್ವರ್ಡ್ಸ್. ಐರ್ಲೆಂಡಿನ ಡಬ್ಲಿನ್ನಿನಲ್ಲಿ 1928ರಲ್ಲಿ ಗೆಳೆಯ ಮಿಹಾಲ್ ಮ್ಯಾಕ್‌ಲಿಯಾಮೋರ್ ಜೊತೆ ಗೇಟ್ ಥಿಯೇಟರ್ ಕಟ್ಟಿದವನು. 1931ರಲ್ಲಿ ಅಲ್ಲಿಗೆ 16 ವರ್ಷದ ಅಮೆರಿಕದ ಹುಡುಗನೊಬ್ಬ ಬಂದು, ತಾನು ನ್ಯೂಯಾರ್ಕಿನಲ್ಲಿ ಹೆಸರಾಂತ ನಟ ಎಂದು ಹಸಿ ಸುಳ್ಳು ಹೇಳಿದ. ಎಡ್ವರ್ಡ್ಸ್ ನಂಬಲಿಲ್ಲ. ಹುಡುಗನಲ್ಲಿ ಏನೋ ಇದೆ ಎಂದು ಪಾತ್ರ ಮಾತ್ರ ಕೊಟ್ಟ. ವೆಲ್ಸ್ ವೃತ್ತಿರಂಗಭೂಮಿ ಹತ್ತಿದ್ದು ಹಾಗೆ. ಸುಮಾರು ಮೂವತ್ತು ವರ್ಷದ ಮೇಲೆ ಅದೇ ಇಬ್ಬರು ಒಂದು ಅಗ್ಗದ ಚಿತ್ರದಲ್ಲಿ: ಒಬ್ಬ ಪ್ರವಾದಿ, ಇನ್ನೊಬ್ಬ ಆ ಪ್ರವಾದಿಯೇ ಪಟ್ಟ ಕಟ್ಟಿ ಕೊನೆಗೆ ಕೈಬಿಟ್ಟ ರಾಜ. ಅಷ್ಟು ಹೊತ್ತಿಗೆ ಹಾಲಿವುಡ್ ವೆಲ್ಸ್‌ನ ಕೈಗೆ ಸಿನಿಮಾ ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು. ಇಂಥ ಚಿತ್ರಗಳಲ್ಲಿ ನಟಿಸಿ ಬಂದ ಹಣವನ್ನು ತನ್ನ 'ಡಾನ್ ಕಿಹೋಟೆ'ಗೆ ಸುರಿಯುತ್ತಿದ್ದ. 1957ರಲ್ಲಿ ಶುರು ಮಾಡಿದ ಆ ಚಿತ್ರ 1985ರಲ್ಲಿ ಅವನು ಸಾಯುವವರೆಗೂ ಮುಗಿಯಲಿಲ್ಲ. ಆ ಸೌಲನ ಮುಖದಲ್ಲಿ ಕಾಣುವ ದಣಿವು ಮೇಕಪ್ಪಿನದೇ ಎಂದು ನನಗೇನೂ ಅನ್ನಿಸಲಿಲ್ಲ.

ವೆಲ್ಸ್‌ನ ಇನ್ನೊಂದು ಕತೆ ಹೇಳದೆ ಮುಂದೆ ಹೋಗಲಾರೆ. 1949ರಲ್ಲಿ ಶೇಕ್ಸ್‌ಪಿಯರನ 'ಒಥೆಲೊ' ತೆಗೆಯಲು ತಂಡ ಕಟ್ಟಿಕೊಂಡು ಮೊರಾಕೊದ ಮೊಗಡೋರ್‌ಗೆ ಹೋದ. ನಟರು ಬಂದಿಳಿದರು, ಕ್ಯಾಮೆರಾ ಬಂತು, ಡ್ರೆಸ್ ಬರಲಿಲ್ಲ. ದುಡ್ಡು ಕೊಡಬೇಕಿದ್ದವರು ಕೈ ಎತ್ತಿದ್ದರು. ರೊಡೆರಿಗೊನ ಕೊಲೆಯ ದೃಶ್ಯ ತೆಗೆಯಲೇಬೇಕು, ಆದರೆ ಮೈಮೇಲೆ ಬಟ್ಟೆಯಿಲ್ಲ. ಬಟ್ಟೆಯಿಲ್ಲದೆ ಜನ ಇರುವ ಜಾಗ ಯಾವುದು? ಬಚ್ಚಲು. ಊರಿನ ಮೀನು ಮಾರ್ಕೆಟನ್ನೇ ತುರ್ಕಿ ಹಮಾಮಿನಂತೆ ಮಾಡಿ, ಹೊಗೆ ತುಂಬಿಸಿ, ನಟರಿಗೆ ಟವೆಲ್ ಸುತ್ತಿ ಕೊಲೆ ಮಾಡಿಸಿದ. ಇವತ್ತಿಗೂ ಆ ಚಿತ್ರದಲ್ಲಿ ಜನ ಮೊದಲು ನೆನೆಯುವ ದೃಶ್ಯಗಳಲ್ಲಿ ಅದೂ ಒಂದು. 1952ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಆ ಚಿತ್ರಕ್ಕೂ ಬಂತು. ಶೇಕ್ಸ್‌ಪಿಯರ್ ಹಮಾಮು ಬರೆದಿರಲಿಲ್ಲ.

ಟವೆಲ್ ಎಂದ ಮೇಲೆ ನನ್ನದೂ ಒಂದಿದೆ. ಕಸುಬು ಹಿಡಿದ ಹೊಸತು. ಹಳ್ಳಿಯೊಂದರ ಕುರುಕ್ಷೇತ್ರಕ್ಕೆ ದುರ್ಯೋಧನನ ಕಿರೀಟ ನಾನೇ ಕಟ್ಟಿದ್ದೆ. ಯಾರೂ ಕಂಡಿರಬಾರದು ಅಂಥದ್ದು ಮಾಡಬೇಕೆಂಬ ಹುಚ್ಚು. ಎರಡಡಿ ಎತ್ತರ, ಮೂರು ಸುತ್ತು ಕನ್ನಡಿ ಬಿಲ್ಲೆ, ಒಳಗೆ ಕಬ್ಬಿಣದ ತಂತಿ. ಪಾತ್ರಧಾರಿ ಊರಿನ ಹಿಟ್ಟಿನ ಗಿರಣಿಯವರು, ಕಂಠ ಗಂಟೆಯಂಥದ್ದು. ಎರಡು ಮಟ್ಟು ಹಾಡುವಷ್ಟರಲ್ಲಿ ಅವರ ಕತ್ತು ಹಿಡಿದುಕೊಂಡಿತು. ರಾಜಸಭೆಯಲ್ಲಿ ಭೀಮನ ಕಡೆ ತಿರುಗಬೇಕಾದರೆ ಇಡೀ ಮೈ ತಿರುಗಬೇಕು. ಜನ ಕಿಸಕ್ಕೆಂದರು. ನಡುರಾತ್ರಿ ಕಳೆದು ಗದಾಯುದ್ಧದ ಹೊತ್ತಿಗೆ ಅವರು ಕಿರೀಟವನ್ನು ನನ್ನ ಕೈಗೆ ಕೊಟ್ಟು, ಬೆವರು ಒರೆಸಿಕೊಂಡ ಟವೆಲನ್ನೇ ತಲೆಗೆ ಸುತ್ತಿಕೊಂಡು ಹೋದರು. ವೈಶಂಪಾಯನ ಸರೋವರದಿಂದ ಎದ್ದು ಬಂದ ಆ ದುರ್ಯೋಧನನ ತಲೆಯಲ್ಲಿ ಕಿರೀಟವಿರಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಕಿರೀಟ ಇನ್ನೂ ಅಟ್ಟದ ಮೇಲಿದೆ. ಯಾರಿಗೂ ಕೊಟ್ಟಿಲ್ಲ.

ಈಗ ನಿಮ್ಮ ಕೆಲಸದ ಮಾತು.

ಗೊಲ್ಯಾತ ಎಷ್ಟು ಎತ್ತರ ಇರಬೇಕು ಎಂದು ನೀವು ಅಂಗಡಿಯಲ್ಲೇ ಜಗಳವಾಡಿದಿರಿ. ನೀವು ಓದುವ ಬೈಬಲಿನಲ್ಲಿ ಆರು ಮೊಳ ಒಂದು ಗೇಣು, ಹೆಚ್ಚುಕಡಿಮೆ ಒಂಬತ್ತು ಮುಕ್ಕಾಲು ಅಡಿ. ಹಳೆಯ ಗ್ರೀಕ್ ಅನುವಾದದಲ್ಲೂ, ಮೃತಸಮುದ್ರದ ಗುಹೆಗಳಲ್ಲಿ ಸಿಕ್ಕ ಸಮುವೇಲನ ಸುರುಳಿಯಲ್ಲೂ ನಾಲ್ಕು ಮೊಳ ಒಂದು ಗೇಣು ಎಂದಿದೆ. ಆರು ಮುಕ್ಕಾಲು ಅಡಿ. ಹಾಗಾಗಿ ನಿಮ್ಮ ವಾಲಿಬಾಲ್ ಆಡುವ ಆರಡಿ ಎರಡಿಂಚಿನವನು ಧಾರಾಳ ಸಾಕು. ಕಾಲಿಗೆ ಕಟ್ಟಿಗೆ ಕಟ್ಟಿ ಅವನನ್ನು ಬೀಳಿಸಬೇಡಿ. ಫೋನನ್ನು ನೆಲಕ್ಕೆ ಇಟ್ಟು ಮೇಲಕ್ಕೆ ನೋಡಿಸಿ, ಹಿಂದೆ ಆಕಾಶ ಬಿಟ್ಟು ಮರ, ಕಂಬ ಏನೂ ಕಾಣದಂತೆ ನಿಲ್ಲಿಸಿ. ಇಬ್ಬರನ್ನೂ ಒಂದೇ ಶಾಟಿನಲ್ಲಿ ಪಕ್ಕಪಕ್ಕ ತೋರಿಸದಿದ್ದರೆ ಅಳೆಯುವವರು ಯಾರು? ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದನ್ನು ನೋಡಿ. ಇಬ್ಬರು ತೆರೆ ಹಿಡಿದಿರುತ್ತಾರೆ, ಚೆಂಡೆ ಬಡಿಯುತ್ತದೆ, ತೆರೆಯ ಹಿಂದಿನಿಂದ ಆರ್ಭಟೆ ಕೇಳುತ್ತದೆ. ಕಿರೀಟದ ತುದಿ ಕಾಣುತ್ತದೆ, ಮುಖವಿಲ್ಲ. ಮಕ್ಕಳು ಅಮ್ಮನ ಸೆರಗು ಹಿಡಿದುಕೊಳ್ಳುವುದು ಮುಖ ಕಂಡಮೇಲಲ್ಲ, ಅದಕ್ಕೆ ಮುಂಚೆ. ಗೊಲ್ಯಾತ ನಲವತ್ತು ದಿನ ಬೆಳಿಗ್ಗೆ ಸಂಜೆ ಬಂದು ಕೂಗಿದ ಎಂದು ಪುಸ್ತಕದಲ್ಲೇ ಇದೆ. ಮೊದಲ ಹತ್ತು ನಿಮಿಷ ಅವನ ದನಿ ಮಾತ್ರ ಸಾಕು. ಅದನ್ನು ಕೇಳುವ ಸಿಪಾಯಿಗಳ ಮುಖ, ಬಾಯಿಗೆ ಹೋಗದ ರೊಟ್ಟಿಯ ತುತ್ತು ತೋರಿಸಿ.

ಸೈನ್ಯಕ್ಕೆ ಜನ ಸಾಲದು ಎಂದು ಅಳುಕಬೇಡಿ. ಇದೇ ವೆಲ್ಸ್ 1965ರಲ್ಲಿ 'ಚೈಮ್ಸ್ ಅಟ್ ಮಿಡ್‌ನೈಟ್' ಮಾಡಿದಾಗ 1403ರ ಶ್ರೂಸ್‌ಬರಿ ಕದನವನ್ನು ಮ್ಯಾಡ್ರಿಡ್ಡಿನ ಒಂದು ಉದ್ಯಾನದಲ್ಲಿ ತೆಗೆದ. ಅವನ ಹತ್ತಿರ ಇದ್ದವರು 180ರ ಆಸುಪಾಸು ಜನ. ಮಂಜು, ಕೆಸರು, ಚೂರುಚೂರಾಗಿ ಕತ್ತರಿಸಿದ ಶಾಟುಗಳು. ನೋಡಿದವರಿಗೆ ಸಾವಿರಾರು ಜನ ಸತ್ತಂತೆ ಅನ್ನಿಸಿತು. 'ಹರ್ಕ್ಯುಲಿಸ್'ಗೆ ಕ್ಯಾಮೆರಾ ಹಿಡಿದಿದ್ದ ಮಾರಿಯೊ ಬಾವಾ ಇನ್ನೂ ಒಂದು ಕೈ ಮೇಲು. ಮುಂದೆ ಅನ್ಯಗ್ರಹದ ಸಿನಿಮಾ ಒಂದಕ್ಕೆ, ಯಾವುದೋ ಪೌರಾಣಿಕ ಚಿತ್ರದಲ್ಲಿ ಮಿಕ್ಕ ಎರಡು ಪ್ಲಾಸ್ಟಿಕ್ ಬಂಡೆಗಳನ್ನು ಅತ್ತ ಇತ್ತ ಸರಿಸಿ, ಕನ್ನಡಿ ಹಿಡಿದು, ನೆಲದ ತುಂಬ ಹೊಗೆ ಬಿಟ್ಟು ಇಡೀ ಗ್ರಹ ಮಾಡಿದೆ ಎಂದು ಅವನೇ ಹೇಳಿಕೊಂಡಿದ್ದ. ಕಾರ್ತೀಕದಲ್ಲಿ ಬೆಳಗಿನ ಐದೂವರೆಗೆ ಕೆರೆ ಏರಿಗೆ ಹೋಗಿ. ಮಂಜಿಗೆ ಬಾಡಿಗೆಯಿಲ್ಲ.

ಬಟ್ಟೆಗೆ ಹಳೆಯ ಹತ್ತಿ ಬೆಡ್‌ಶೀಟ್ ತನ್ನಿ, ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಿಂಡದೆ ಒಣಗಿಸಿ. ದಾವೀದನಿಗೆ ಕುರಿಗಾಹಿಗಳ ಹತ್ತಿರ ಬಳಸಿ ಹಳೆಯದಾದ ಕಂಬಳಿ ಕೇಳಿ ಪಡೆಯಿರಿ. ಹೊಸದು ಬೇಡ, ಕ್ಯಾಮೆರಾಗೆ ಹೊಸ ಬಟ್ಟೆ ಕೂಡಲೇ ಗೊತ್ತಾಗುತ್ತದೆ. ವಾಚು ಬಿಚ್ಚುವುದು ಎಲ್ಲರಿಗೂ ಗೊತ್ತು, ವಾಚಿನ ಬಿಳಿ ಗುರುತಿಗೆ ಮಣ್ಣು ಹಚ್ಚುವುದು ಮರೆಯುತ್ತಾರೆ. ರಬ್ಬರ್ ಚಪ್ಪಲಿಗೆ ಗೋಣಿ ಸುತ್ತುವ ಬದಲು ಬರಿಗಾಲಲ್ಲಿ ನಡೆಯಲಿ. ಹಳ್ಳದಿಂದ ಐದು ಕಲ್ಲು ಆಯ್ದುಕೊಳ್ಳುವವನ ಕಾಲು ಒದ್ದೆಯಿರಬೇಕು.

ಆ ಕಲ್ಲು ಆಯುವುದನ್ನು ಮಾತ್ರ ಅವಸರಪಡಿಸಬೇಡಿ. ಇಡೀ ಕತೆಯಲ್ಲಿ ನನಗೆ ಪ್ರಿಯವಾದ ಜಾಗ ಅದು. ಅತ್ತ ಸೈನ್ಯ, ಇತ್ತ ಸೈನ್ಯ, ನಡುವಿನ ಹಳ್ಳದಲ್ಲಿ ಒಬ್ಬ ಹುಡುಗ ಬಗ್ಗಿ ಕಲ್ಲು ಹುಡುಕುತ್ತಿದ್ದಾನೆ. ಒಂದು ಎತ್ತಿಕೊಳ್ಳುತ್ತಾನೆ, ಬೆರಳಿನಲ್ಲಿ ಸವರುತ್ತಾನೆ, ಬೇಡವೆಂದು ಬಿಡುತ್ತಾನೆ. ಎರಡು ನಿಮಿಷ ಕೊಡಿ ಅದಕ್ಕೆ. ಕೈಯಲ್ಲಿ ಕೋಲೂ ಇರಲಿ. ಗೊಲ್ಯಾತ ಕಾಣುವುದು ಆ ಕೋಲನ್ನೇ. ತನ್ನನ್ನೇನು ನಾಯಿ ಅಂದುಕೊಂಡೆಯಾ ಎಂದು ಸಿಟ್ಟಾಗುತ್ತಾನೆ. ಕವಣೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಮೈಕೆಲೆಂಜೆಲೊ ಫ್ಲಾರೆನ್ಸಿನಲ್ಲಿ ಕಡೆದ ದಾವೀದನ ಚಿತ್ರ ನೋಡಿದ್ದೀರಲ್ಲ? ಕತ್ತಿಯಿಲ್ಲ, ಕಡಿದ ರುಂಡವಿಲ್ಲ, ಮೈಮೇಲೆ ನೂಲೆಳೆಯಿಲ್ಲ. ಹೆಗಲ ಮೇಲೆ ಕವಣೆ, ಹುಬ್ಬು ಗಂಟಿಕ್ಕಿದ ನೋಟ. ಹೊಡೆಯುವ ಮುಂಚಿನ ಗಳಿಗೆಯನ್ನೇ ಅವನು ಆರಿಸಿಕೊಂಡ. ದೈತ್ಯನನ್ನು ಕೊಂದ ಹುಡುಗನ ವಿಗ್ರಹ ಹದಿನೇಳು ಅಡಿ ಎತ್ತರವಾಯಿತು ಎಂಬುದು ಬೇರೆ ಮಾತು.

ಕವಣೆ ಬೀಸುವುದನ್ನು ಯೂಟ್ಯೂಬ್ ನೋಡಿ ಕಲಿಯಬೇಡಿ. ನಮ್ಮ ತಾತ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಹಕ್ಕಿ ಕಾಯುತ್ತಿದ್ದರು. ಹಗ್ಗದ ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳು ತೋರುಬೆರಳಿನ ನಡುವೆ. ಬೀಸಿ, ಸರಿಯಾದ ಗಳಿಗೆಗೆ ಎರಡನೆಯದನ್ನು ಬಿಟ್ಟರೆ ಕಲ್ಲು ಹೋಗುತ್ತದೆ. ಗಳಿಗೆ ತಪ್ಪಿದರೆ ಹಿಂದೆ ನಿಂತವನ ಹಲ್ಲು ಹೋಗುತ್ತದೆ. ಹೊಲ ಕಾದ ಹಿರಿಯರು ನಿಮ್ಮ ಸಭೆಯಲ್ಲೇ ಯಾರಾದರೂ ಇರುತ್ತಾರೆ, ವಿಚಾರಿಸಿ. ಶೂಟಿಂಗಿನಲ್ಲಿ ಕಲ್ಲು ಬೇಡವೇ ಬೇಡ. ಬೀಸುವ ಕೈ ಒಂದು ಶಾಟ್, ಬೀಳುವವನು ಇನ್ನೊಂದು. ನಡುವೆ ಕವಣೆಯ ಸುಯ್ಯೆನ್ನುವ ಸದ್ದು ಹಾಕಿ.

ಮಾತಿನ ಬಗ್ಗೆ ಒಂದೇ ಸಂಗತಿ. ನಿಮ್ಮ ಸ್ಕ್ರಿಪ್ಟಿನಲ್ಲಿ ಗೊಲ್ಯಾತ "ಎಲವೋ ತುಚ್ಛ ಬಾಲಕನೇ" ಎನ್ನುತ್ತಾನೆ. ಅದು ನಮ್ಮ ಕಂಪನಿ ನಾಟಕದ ಕೀಚಕನ ಮಾತು, ಅದೂ ಬಾಡಿಗೆಯದೇ. ಮನೆಯಲ್ಲಿ ನಿಮ್ಮ ಅಣ್ಣ ಹೇಗೆ ಗದರುತ್ತಾನೋ ಎಲೀಯಾಬ ಹಾಗೆ ಗದರಲಿ. ಕುರಿ ಯಾರ ಹತ್ತಿರ ಬಿಟ್ಟು ಬಂದೆ ಎಂದು ಅವನು ಕೇಳುವುದರಲ್ಲೇ ಎಲ್ಲ ಅಣ್ಣಂದಿರೂ ಇದ್ದಾರೆ.

ಮತ್ತೆ, ಆ ಇಟಲಿಯವರನ್ನು ನೋಡಿ ನಗಬೇಡಿ. ನಿಮ್ಮ ಗುಂಪಿನಲ್ಲಿ ಒಬ್ಬ ಅವರ ಸಿನಿಮಾದ ಪೋಸ್ಟರ್ ತೋರಿಸಿ ನಗುತ್ತಿದ್ದ, ನಾನು ಗಮನಿಸಿದೆ. ಆರು ವಾರದಲ್ಲಿ ಸಿನಿಮಾ ಮುಗಿಸಿ ಮುಂದಿನದಕ್ಕೆ ಹೋಗಬೇಕಾದ ದರ್ಜಿ, ಬಡಗಿ, ಬಣ್ಣದವರ ಅನ್ನ ಅದು. 'ಕೊಲೋಸಸ್ ಆಫ್ ರೋಡ್ಸ್' ಎಂಬ ಕತ್ತಿ-ಚಪ್ಪಲಿ ಚಿತ್ರವನ್ನು 1961ರಲ್ಲಿ ಮಾಡಿದ ಸೆರ್ಜಿಯೊ ಲಿಯೊನೆ, ಮೂರು ವರ್ಷಕ್ಕೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ತೆಗೆದ. ಅದು ಗೆದ್ದದ್ದೇ ತಡ, ಎಲ್ಲರೂ ಕತ್ತಿ ಬಿಸುಟು ಪಿಸ್ತೂಲು ಹಿಡಿದರು. ನಮ್ಮ ಬಾಲ್ಡಿಯೂ ಕೌಬಾಯ್ ಚಿತ್ರಗಳಿಗೆ ಹೊರಳಿದ. ಕವಚಗಳೆಲ್ಲ ಎಲ್ಲಿ ಹೋದವೋ. ನನ್ನಂಥವನ ಅಂಗಡಿಗೇ ಹೋಗಿರಬೇಕು.

ನಿಮ್ಮ ಅಡ್ವಾನ್ಸ್ 500 ರೂಪಾಯಿ ಲಕೋಟೆಯಲ್ಲಿ ಹಾಕಿ ಗಲ್ಲಾದಲ್ಲಿ ಇಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಸೌಲ ತೊಡಿಸಿ ದಾವೀದ ಬಿಚ್ಚಿಡುವ ಆ ಒಂದು ದೃಶ್ಯಕ್ಕೆ ಮಾತ್ರ ಒಂದು ಕವಚ, ಒಂದು ಹೆಲ್ಮೆಟ್ ಬಾಡಿಗೆಯಿಲ್ಲದೆ ಕೊಡುತ್ತೇನೆ. ಹುಡುಗನಿಗೆ ದೊಡ್ಡದಾಗುವಂಥದ್ದನ್ನೇ ಆರಿಸಿ ಇಟ್ಟಿದ್ದೇನೆ. ಹೆಲ್ಮೆಟ್ಟಿನ ಒಳಗೆ ತಗಡಿನ ಅಂಚು ಹಣೆಗೆ ತಾಗುತ್ತದೆ, ಬಟ್ಟೆ ಮಡಿಸಿ ಇಟ್ಟುಕೊಳ್ಳಿ. ಬುಧವಾರದೊಳಗೆ ವಾಪಸ್ ಬರಬೇಕು. ಗುರುವಾರ ಒಂದು ಶಾಲೆಯ ರಾವಣ ಅದನ್ನು ಬುಕ್ ಮಾಡಿದ್ದಾನೆ.